ಚೀಟಿ ನಿಲ್ಲದ ಅಡುಗೆಮನೆ: ‘ದಿ ಬೇರ್’ ಸರಣಿಯ ಒಂದು ಕಂತು ನೋಡುಗರನ್ನು ಇಬ್ಭಾಗ ಮಾಡಿದ್ದೇಕೆ?

ಅಮೆರಿಕದ ‘ದಿ ಬೇರ್’ ಸರಣಿ ಐದನೆಯ ಸೀಸನ್‌ಗೂ ಮುಂದುವರಿಯಲಿದೆ ಎಂಬ ಸುದ್ದಿ 2025ರ ಜುಲೈನಲ್ಲಿ ಹೊರಬಿತ್ತು. ಷಿಕಾಗೊ ನಗರದ ಒಂದು ಸಾಧಾರಣ ಹೋಟೆಲಿನ ಅಡುಗೆಮನೆಯಲ್ಲಿ ನಡೆಯುವ ಈ ಕಥೆ ಶುರುವಾದದ್ದು 2022ರ ಜೂನ್‌ನಲ್ಲಿ. ಅಂದಿನಿಂದ ಇದರ ಬಗ್ಗೆ ಬರುವ ಸುದ್ದಿಗಳು ಸರಣಿಯನ್ನು ನೋಡದವರಿಗೆ ಒಗಟಿನಂತೆ ಕಾಣುತ್ತಿವೆ. ಬೈಗುಳ, ಕಿರುಚಾಟ, ಕಣ್ಣೀರು ತುಂಬಿದ ಸರಣಿಗೆ ‘ಹಾಸ್ಯ’ ವಿಭಾಗದಲ್ಲಿ ಪ್ರಶಸ್ತಿಗಳು ಬರುತ್ತವೆ. ಮೊದಲ ಸೀಸನ್ನಿನ ಏಳನೆಯ ಕಂತನ್ನು ಒಂದು ವರ್ಗದ ನೋಡುಗರು ಇಡೀ ಸರಣಿಯ ಶಿಖರವೆಂದು ಕೊಂಡಾಡಿದರೆ, ಹೋಟೆಲಿನ ಒಲೆಯ ಮುಂದೆ ವರ್ಷಗಟ್ಟಲೆ ನಿಂತ ಅನೇಕರು ಅದನ್ನು ಪೂರ್ತಿ ನೋಡಲಾಗಲಿಲ್ಲ ಎನ್ನುತ್ತಾರೆ. ಅದೇ ಕಂತಿನ ಯುವ ಅಡುಗೆಗಾರ್ತಿಯನ್ನು ಕೆಲವರು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರೆ, ಮತ್ತೆ ಕೆಲವರು ಅವಳ ಪರವಾಗಿ ಅಷ್ಟೇ ಬಿರುಸಾಗಿ ವಾದಿಸುತ್ತಾರೆ.

ಈ ವಾದವನ್ನು ದೂರದೂರಿನ ಮನರಂಜನೆಯ ವಿಷಯವೆಂದು ಬದಿಗಿಡುವುದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಟ್ಟಿಗಂತೂ ಸರಿಯಾಗದು. ದರ್ಶಿನಿ, ಮೆಸ್, ಡಾಬಾ, ರೆಸಾರ್ಟ್, ಹೋಂಸ್ಟೇ ಎಂದು ಊಟ-ವಸತಿಯ ವ್ಯವಹಾರವನ್ನೇ ನಂಬಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಮೊಬೈಲ್ ಮೂಲಕ ಬರುವ ಆರ್ಡರು, ಬುಕಿಂಗು, ಗಿರಾಕಿಗಳು ಕೊಡುವ ನಕ್ಷತ್ರಗಳು ದಿನನಿತ್ಯದ ಸಂಗತಿಗಳಾಗಿವೆ. ಆ ಕಂತಿನಲ್ಲಿ ಕುಸಿದುಬೀಳುವ ಅಡುಗೆಮನೆಯೂ ಇಂಥದ್ದೇ ಒಂದು ವ್ಯವಸ್ಥೆಯ ಅಡಿಯಲ್ಲಿ ಸಿಲುಕಿದ್ದು.

ಕಂತಿನಲ್ಲಿ ನಡೆಯುವುದೇನು?

ಕಥೆಯ ನಾಯಕ ಕಾರ್ಮಿ ನ್ಯೂಯಾರ್ಕಿನ ಪ್ರತಿಷ್ಠಿತ ರೆಸ್ಟೋರೆಂಟುಗಳಲ್ಲಿ ಪಳಗಿದ ಬಾಣಸಿಗ. ಅಣ್ಣ ಆತ್ಮಹತ್ಯೆ ಮಾಡಿಕೊಂಡ ಮೇಲೆ, ಅವನು ಬಿಟ್ಟುಹೋದ ಸ್ಯಾಂಡ್‌ವಿಚ್ ಅಂಗಡಿಯನ್ನೂ ಅದರ ಮೇಲಿನ ಸಾಲವನ್ನೂ ಹೊತ್ತುಕೊಳ್ಳಲು ಊರಿಗೆ ಮರಳಿದ್ದಾನೆ. ಅವನ ಕೈಕೆಳಗೆ ಸಿಡ್ನಿ ಎಂಬ ಪ್ರತಿಭಾವಂತ ಯುವತಿ ಸೇರುತ್ತಾಳೆ. ವ್ಯಾಪಾರ ಹೆಚ್ಚಲೆಂದು ಪಾರ್ಸೆಲ್ ಆರ್ಡರುಗಳಿಗಾಗಿ ಟ್ಯಾಬ್ಲೆಟ್ ವ್ಯವಸ್ಥೆಯೊಂದನ್ನು ತರುವವಳು ಅವಳೇ. ಇನ್ನೂ ಹದಕ್ಕೆ ಬಂದಿಲ್ಲವೆಂದು ಕಾರ್ಮಿ ಮೆನುವಿಗೆ ಸೇರಿಸದೆ ಬಿಟ್ಟಿದ್ದ ತನ್ನದೊಂದು ತಿನಿಸನ್ನು ಅವಳು ಒಬ್ಬ ಗಿರಾಕಿಗೆ ಬಡಿಸಿರುತ್ತಾಳೆ. ಆತ ಪತ್ರಿಕೆಗೆ ಬರೆಯುವ ವಿಮರ್ಶಕನಾಗಿರುತ್ತಾನೆ. ಏಳನೆಯ ಕಂತು ಆರಂಭವಾಗುವ ಹೊತ್ತಿಗೆ ಅವನ ವಿಮರ್ಶೆ ಅಚ್ಚಾಗಿದೆ, ಮತ್ತು ಹೊಗಳಿಕೆ ಸಿಕ್ಕಿರುವುದು ಆ ತಿನಿಸಿಗೆ. ಕಂತಿನ ಹೆಸರು ‘ರಿವ್ಯೂ’ ಎಂದಿರುವುದು ಇದರಿಂದ.

ಬಾಗಿಲು ತೆರೆಯಲು ಇನ್ನೂ ಕೆಲವು ನಿಮಿಷಗಳಿರುವಾಗ ಆರ್ಡರ್ ಯಂತ್ರ ಚೀಟಿ ಉಗುಳಲು ತೊಡಗುತ್ತದೆ. ಮುಂಗಡ ಆರ್ಡರು ತೆಗೆದುಕೊಳ್ಳುವ ಆಯ್ಕೆಯನ್ನು ಮುಚ್ಚದೆ ಬಿಟ್ಟಿದ್ದರಿಂದ, ವಿಮರ್ಶೆ ಓದಿದ ಊರಿನ ಜನರೆಲ್ಲ ಒಂದೇ ಹೊತ್ತಿಗೆ ಊಟ ಬೇಕೆಂದು ಕೇಳಿದ್ದಾರೆ. ಚೀಟಿ ನೆಲದವರೆಗೂ ಇಳಿಯುತ್ತದೆ. ಯಂತ್ರದ ಕರಕರ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಎಲ್ಲವನ್ನೂ ಒಟ್ಟಿಗೇ ಒಲೆಗೇರಿಸಿ ಎಂದು ಕಾರ್ಮಿ ಕೂಗುತ್ತಾನೆ. ಅಲ್ಲಿಂದ ಮುಂದೆ ಎಲ್ಲರ ಮೇಲೂ ಹರಿಹಾಯುತ್ತಾನೆ. ಡೋನಟ್ ಒಂದನ್ನು ಹದಗೊಳಿಸುವುದರಲ್ಲೇ ಮುಳುಗಿರುವ ಮಾರ್ಕಸ್ ತಾನು ಮಾಡಿದ್ದನ್ನು ತೋರಿಸಲು ಬಂದಾಗ, ಕಾರ್ಮಿ ಅದನ್ನು ನೆಲಕ್ಕೆ ಹೊಡೆದು ಬೀಳಿಸುತ್ತಾನೆ. ಸಿಡ್ನಿಗೂ ಹಳೆಯ ಉಸ್ತುವಾರಿ ರಿಚಿಗೂ ಮಾತಿಗೆ ಮಾತು ಬೆಳೆದು, ಅವಳ ಕೈಯಲ್ಲಿದ್ದ ಚಾಕು ಆಕಸ್ಮಿಕವಾಗಿ ಅವನಿಗೆ ಚುಚ್ಚುತ್ತದೆ. ಕಂತು ಮುಗಿಯುವಷ್ಟರಲ್ಲಿ ಸಿಡ್ನಿ ಮತ್ತು ಮಾರ್ಕಸ್ ಇಬ್ಬರೂ ಕೆಲಸ ಬಿಟ್ಟು ಹೊರನಡೆದಿರುತ್ತಾರೆ.

ಒಟ್ಟು ಸುಮಾರು 20 ನಿಮಿಷಗಳ ಈ ಕಂತಿನಲ್ಲಿ 18 ನಿಮಿಷಗಳಷ್ಟು ಭಾಗವನ್ನು ಎಲ್ಲಿಯೂ ಕತ್ತರಿಸದೆ ಒಂದೇ ಓಟದ ಚಿತ್ರಿಕೆಯಾಗಿ ತೆಗೆಯಲಾಗಿದೆ. ಸಾಮಾನ್ಯ ದೃಶ್ಯಗಳಲ್ಲಿ ಒಂದು ಚಿತ್ರಿಕೆಯಿಂದ ಇನ್ನೊಂದಕ್ಕೆ ಹಾರುವಾಗ ನೋಡುಗರಿಗೆ ಅರಿವಿಲ್ಲದೆಯೇ ಒಂದು ಉಸಿರಿನ ಬಿಡುವು ಸಿಗುತ್ತದೆ. ಇಲ್ಲಿ ಆ ಬಿಡುವನ್ನು ಕಿತ್ತುಕೊಳ್ಳಲಾಗಿದೆ. ಪಾತ್ರಗಳಿಗೆ ಹೇಗೆ ಒಲೆಯ ಮುಂದಿನಿಂದ ಕದಲಲು ಸಾಧ್ಯವಿಲ್ಲವೋ ಹಾಗೆ ನೋಡುವವರೂ ಆ ಕೋಣೆಯೊಳಗೇ ಉಳಿಯಬೇಕಾಗುತ್ತದೆ. ಪ್ರತಿಕ್ರಿಯೆಗಳು ಅಷ್ಟು ಬಿಸಿಯಾಗಿರಲು ಈ ಚಿತ್ರೀಕರಣದ ಕ್ರಮವೇ ಒಂದು ದೊಡ್ಡ ಕಾರಣ. ಸರಣಿಯ ಸೃಷ್ಟಿಕರ್ತ ಕ್ರಿಸ್ಟೋಫರ್ ಸ್ಟೋರರ್ ಅವರಿಗೆ ಇದೇ ಕಂತಿನ ನಿರ್ದೇಶನಕ್ಕಾಗಿ, ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂದಿತು.

‘ಹಾಸ್ಯ’ ಎಂಬ ಹಣೆಪಟ್ಟಿ

ಬಹಳ ಜನರನ್ನು ಗೊಂದಲಕ್ಕೆ ಕೆಡವಿದ ಈ ವಿಷಯ ವಾಸ್ತವದಲ್ಲಿ ಸರಳವಾಗಿದೆ. ಒಂದು ಕಾಲಕ್ಕೆ ಎಮ್ಮಿ ಪ್ರಶಸ್ತಿಯಲ್ಲಿ ಅರ್ಧ ಗಂಟೆಯೊಳಗಿನ ಕಂತುಗಳುಳ್ಳ ಸರಣಿಯನ್ನು ಹಾಸ್ಯವೆಂದೂ ಅದಕ್ಕಿಂತ ದೀರ್ಘವಾದುದನ್ನು ಡ್ರಾಮಾ ಎಂದೂ ಅವಧಿಯ ಲೆಕ್ಕದಲ್ಲಿ ವಿಂಗಡಿಸುತ್ತಿದ್ದರು. ಆ ನಿಯಮ ಹೋಗಿ, ಯಾವ ವಿಭಾಗಕ್ಕೆ ಅರ್ಜಿ ಹಾಕಬೇಕೆಂಬ ಆಯ್ಕೆ ಮುಖ್ಯವಾಗಿ ನಿರ್ಮಾಪಕರ ಕೈಗೆ ಬಂದಿದೆ. ‘ದಿ ಬೇರ್’ ನಿರ್ಮಾಪಕರು ಹಾಸ್ಯ ವಿಭಾಗವನ್ನು ಆರಿಸಿಕೊಂಡರು. 2024ರ ಜನವರಿಯಲ್ಲಿ ಅತ್ಯುತ್ತಮ ಹಾಸ್ಯ ಸರಣಿಯೂ ಸೇರಿದಂತೆ ಹತ್ತು ಪ್ರಶಸ್ತಿಗಳು, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹನ್ನೊಂದು ಪ್ರಶಸ್ತಿಗಳು ಅದಕ್ಕೆ ಸಂದವು; ಎರಡನೆಯ ಬಾರಿ ಅತ್ಯುತ್ತಮ ಹಾಸ್ಯ ಸರಣಿಯ ಪಟ್ಟ ಮಾತ್ರ ‘ಹ್ಯಾಕ್ಸ್’ ಪಾಲಾಯಿತು. ಆ ಸಮಾರಂಭದ ನಿರೂಪಕರೇ ವೇದಿಕೆಯ ಮೇಲೆ ಈ ವಿಂಗಡಣೆಯನ್ನು ಛೇಡಿಸಿದ್ದರು. ಹಣೆಪಟ್ಟಿ ನಂಬಿ ನಗಲು ಕುಳಿತವರಿಗೆ ‘ರಿವ್ಯೂ’ ಕಂತು ಆಘಾತವಾಗಿ ಕಂಡಿದ್ದರೆ ಅದರಲ್ಲಿ ಅವರ ದೋಷವಿಲ್ಲ.

ತಪ್ಪು ಯಾರದೆಂಬ ಜಗಳ

ಕಂತನ್ನು ನೋಡಿದವರ ವಾದಗಳಲ್ಲಿ ಮೊದಲನೆಯದು ಕಾರ್ಮಿಯ ಪರ. ಊಟದ ಹೊತ್ತಿನ ಅಡುಗೆಮನೆಯಲ್ಲಿ ಮೃದುವಾಗಿ ಮಾತನಾಡುತ್ತ ಕೂರಲು ಆಗುವುದಿಲ್ಲ, ಕೂಗು ಅಲ್ಲಿನ ಭಾಷೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವವರು ಈ ಕಸುಬಿಗೆ ಬರಬಾರದು ಎಂಬುದು ಇದರ ತಿರುಳು. ನಮ್ಮ ಹೋಟೆಲುಗಳಲ್ಲೂ ಇದೇ ಮಾತನ್ನು ಬೇರೆ ಪದಗಳಲ್ಲಿ ಹೇಳುತ್ತಾರೆ: ಭಟ್ಟರ ಬೈಗುಳ ತಿಂದೇ ಕೆಲಸ ಕಲಿಯಬೇಕು. ಎರಡನೆಯ ವಾದ ಸಿಡ್ನಿಯ ವಿರುದ್ಧ. ಯಂತ್ರ ತಂದವಳು ಅವಳು, ಆಯ್ಕೆ ಮುಚ್ಚದೆ ಬಿಟ್ಟವಳೂ ಅವಳು, ಒಪ್ಪಿಗೆಯಿಲ್ಲದ ತಿನಿಸು ಬಡಿಸಿ ವಿಮರ್ಶೆ ಬರುವಂತೆ ಮಾಡಿದವಳೂ ಅವಳು, ಕೊನೆಗೆ ನಡುನೀರಿನಲ್ಲಿ ಕೈಬಿಟ್ಟು ಹೋದವಳೂ ಅವಳೇ. ಮೂರನೆಯ ವಾದದವರು, ಎಂಥ ಒತ್ತಡವೇ ಇದ್ದರೂ ದುಡಿಯುವವರನ್ನು ಹೀಗೆ ಅವಮಾನಿಸುವ ಹಕ್ಕು ಯಜಮಾನನಿಗಿಲ್ಲ, ಆದ್ದರಿಂದ ಹೊರನಡೆದ ಇಬ್ಬರೂ ಸರಿ ಎನ್ನುತ್ತಾರೆ.

ಮೂರರಲ್ಲೂ ಸತ್ಯದ ಅಂಶವಿದೆ. ಸಿಡ್ನಿಯ ಅಜಾಗರೂಕತೆ ನಿಜ. ಕಾರ್ಮಿ ಎಲ್ಲೆ ಮೀರಿದ್ದೂ ನಿಜ. ಮುಂದಿನ ಕಂತಿನಲ್ಲಿ ಸರಣಿಯೇ ಅವನಿಂದ ಕ್ಷಮೆ ಕೇಳಿಸುತ್ತದೆ. ಆದರೆ ಈ ಮೂರೂ ವಾದಗಳು ಒಬ್ಬ ವ್ಯಕ್ತಿಯ ಸ್ವಭಾವದಲ್ಲಿ ಕಾರಣವನ್ನು ಹುಡುಕುತ್ತವೆ. ಯಂತ್ರ ಚೀಟಿ ಉಗುಳುತ್ತಿರುವಾಗ ಆ ಕೋಣೆಯಲ್ಲಿದ್ದ ಯಾರಿಗೂ, ಅತ್ಯಂತ ಅನುಭವಿಯಾದ ಕಾರ್ಮಿಗೂ, ಇಷ್ಟನ್ನು ನಾವು ಮಾಡಲಾರೆವು ಎಂದು ಗಿರಾಕಿಗಳಿಗೆ ತಿಳಿಸಬಹುದು ಎಂಬ ಆಲೋಚನೆ ಬರುವುದಿಲ್ಲ. ಕಂತಿನ ನಿಜವಾದ ದುರಂತ ಇಲ್ಲಿದೆ ಎಂಬುದು ಈ ಲೇಖನದ ನಿಲುವು. ಬಂದ ಆರ್ಡರನ್ನೆಲ್ಲ ಪೂರೈಸಲೇಬೇಕೆಂಬ ನಂಬಿಕೆ ಮೊದಲು ಅಡುಗೆಮನೆಯನ್ನು ಮುರಿಯಿತು. ಸಿಟ್ಟು, ಚಾಕು, ರಾಜೀನಾಮೆ ಎಲ್ಲವೂ ಅದರ ಹಿಂದೆ ಬಂದವು.

ಶ್ರೇಣಿ ಬೇರೆ, ಕೂಗು ಬೇರೆ

ಕೂಗಾಟವಿಲ್ಲದೆ ಶಿಸ್ತಿಲ್ಲ ಎಂಬ ನಂಬಿಕೆಗೆ ಇತಿಹಾಸದ ಬೆಂಬಲ ಅಷ್ಟಾಗಿ ಸಿಗುವುದಿಲ್ಲ. ಸರಣಿಯಲ್ಲಿ ಎಲ್ಲರೂ ಎಲ್ಲರನ್ನೂ ‘ಶೆಫ್’ ಎಂದು ಕರೆಯುವ, ಪ್ರತಿಯೊಬ್ಬರಿಗೂ ಒಂದು ಕೆಲಸದ ಜಾಗ ಗೊತ್ತುಪಡಿಸುವ ಪದ್ಧತಿಗೆ ಅಡಿಪಾಯ ಹಾಕಿದ್ದು ಫ್ರಾನ್ಸಿನ ಬಾಣಸಿಗ ಆಗಸ್ಟ್ ಎಸ್ಕೋಫಿಯೆ (1846–1935). ಸೇನೆಯಲ್ಲಿ ಅಡುಗೆ ಮಾಡಿದ ಅನುಭವವಿದ್ದ ಆತ ಅಲ್ಲಿನ ಶ್ರೇಣಿಯನ್ನು ಹೋಟೆಲಿನ ಅಡುಗೆಮನೆಗೆ ತಂದ. ಗೊಂದಲ ತಗ್ಗಿಸುವುದು ಅವನ ಉದ್ದೇಶವಾಗಿತ್ತು. ಕುಡಿತ ಮತ್ತು ಬೈಗುಳವನ್ನು ಅಡುಗೆಮನೆಯಿಂದ ಹೊರಗಿಡಲು ಅವನು ಶ್ರಮಿಸಿದ. ಯಾರು ಏನು ಮಾಡಬೇಕೆಂಬುದು ಸ್ಪಷ್ಟವಾಗಿದ್ದರೆ ದನಿ ಎತ್ತುವ ಅಗತ್ಯ ಕಡಿಮೆಯಾಗುತ್ತದೆ ಎಂಬ ತರ್ಕ ಇದರ ಹಿಂದಿದೆ.

ಸರಣಿಯೂ ಇದನ್ನು ಬಲ್ಲದು. ಕಾರ್ಮಿಯ ಸಿಟ್ಟು ಹುಟ್ಟಿದ್ದು ಎಲ್ಲಿ ಎಂಬುದನ್ನು ಎರಡನೆಯ ಕಂತಿನಲ್ಲೇ ತೋರಿಸಲಾಗಿದೆ: ನ್ಯೂಯಾರ್ಕಿನಲ್ಲಿ ಅವನ ಮೇಲಧಿಕಾರಿ ಕಿವಿಯ ಬಳಿ ನಿಂತು ತಣ್ಣನೆಯ ದನಿಯಲ್ಲಿ ಅವನನ್ನು ಹೀಯಾಳಿಸುತ್ತಾನೆ. ಮೂರನೆಯ ಸೀಸನ್ನಿನ ಕೊನೆಯಲ್ಲಿ ಕಾರ್ಮಿ ಅದೇ ವ್ಯಕ್ತಿಯನ್ನು ಎದುರಿಸಿದಾಗ, ನಿನ್ನನ್ನು ಶ್ರೇಷ್ಠ ಬಾಣಸಿಗನನ್ನಾಗಿ ಮಾಡಿದ್ದೇ ನಾನು ಎಂಬ ಧಾಟಿಯ ಉತ್ತರ ಬರುತ್ತದೆ. ಇದಕ್ಕೆ ಎದುರಾಗಿ ಎರಡನೆಯ ಸೀಸನ್ನಿನ ‘ಫೋರ್ಕ್ಸ್’ ಕಂತಿನಲ್ಲಿ ರಿಚಿ ಒಂದು ಉನ್ನತ ದರ್ಜೆಯ ರೆಸ್ಟೋರೆಂಟಿಗೆ ತರಬೇತಿಗೆಂದು ಹೋಗಿ ದಿನಗಟ್ಟಲೆ ಫೋರ್ಕುಗಳನ್ನು ಒರೆಸುತ್ತಾನೆ. ಅಲ್ಲಿ ತಟ್ಟೆಯ ಅಂಚಿನ ಮೇಲಿನ ಒಂದು ಕಲೆಗೂ ವಿಚಾರಣೆ ನಡೆಯುತ್ತದೆ. ಅಲ್ಲಿಯೂ ಒರಟು ಮಾತು ಇಲ್ಲದಿಲ್ಲ. ಆದರೆ ಆ ಅಡುಗೆಮನೆ ಕುಸಿಯುವುದಿಲ್ಲ. ಎಷ್ಟು ಜನ ಬರುತ್ತಾರೆ, ಯಾವ ಹೊತ್ತಿಗೆ ಬರುತ್ತಾರೆ ಎಂಬುದು ಅವರಿಗೆ ಮೊದಲೇ ಗೊತ್ತಿದೆ. ಎರಡು ಕಂತುಗಳ ನಡುವಿನ ವ್ಯತ್ಯಾಸವನ್ನು ಜನರು ಸಾಮಾನ್ಯವಾಗಿ ಒಳ್ಳೆಯ ಯಜಮಾನ, ಕೆಟ್ಟ ಯಜಮಾನ ಎಂದು ಓದಿದ್ದಾರೆ. ಮೇಜುಗಳ ಲೆಕ್ಕ ಇಟ್ಟುಕೊಂಡ ಜಾಗ ಮತ್ತು ಲೆಕ್ಕವೇ ಇಲ್ಲದ ಜಾಗ ಎಂದು ಓದುವುದು ಹೆಚ್ಚು ಉಪಯುಕ್ತ.

ಕಾವಲಿಯ ಲೆಕ್ಕ

ಆರ್ಡರು ಸಾಮರ್ಥ್ಯವನ್ನು ಮೀರಿದಾಗ ಏನಾಗುತ್ತದೆ ಎಂಬುದನ್ನು ನಮ್ಮಲ್ಲಿನ ಯಾವುದೇ ಹೋಟೆಲಿನ ಉದಾಹರಣೆಯಿಂದ ಬಿಡಿಸಿ ನೋಡಬಹುದು. ಒಂದು ದೋಸೆ ಕಾವಲಿಯಿದೆ ಎಂದುಕೊಳ್ಳೋಣ. ಅದರ ಮೇಲೆ ಒಂದು ಬಾರಿಗೆ ಎಂಟು ದೋಸೆ ಹಿಡಿಯುತ್ತದೆ, ನೀರು ಚಿಮುಕಿಸಿ ಪೊರಕೆಯಿಂದ ಗುಡಿಸಿ ಹಿಟ್ಟು ಹುಯ್ದು ಮಡಚಿ ತೆಗೆಯಲು ಒಟ್ಟು ನಾಲ್ಕು ನಿಮಿಷ ಬೇಕು. ಹಾಗಾದರೆ ಗಂಟೆಗೆ 120 ದೋಸೆ. ಗಲ್ಲಾಪೆಟ್ಟಿಗೆಯ ಬಳಿ ಆ ಗಂಟೆಯಲ್ಲಿ 180 ದೋಸೆಗೆ ಟೋಕನ್ ಹರಿದರೆ 60 ದೋಸೆ ಬಾಕಿ ಉಳಿಯುತ್ತದೆ. ಗಂಟೆಯ ಕೊನೆಗೆ ಬಂದ ಗಿರಾಕಿ ಅರ್ಧ ಗಂಟೆ ಕಾಯಬೇಕು. ಮುಂದಿನ ಗಂಟೆಯಲ್ಲೂ 180 ಹರಿದರೆ ಬಾಕಿ 120ಕ್ಕೆ ಏರುತ್ತದೆ, ಕಾಯುವ ಸಮಯ ಒಂದು ಗಂಟೆಯಾಗುತ್ತದೆ. ‘ಎರಡು ಮಸಾಲೆ, ಒಂದು ಖಾಲಿ, ಬೇಗ’ ಎಂದು ಸಪ್ಲೈಯರ್ ಎಷ್ಟೇ ಗಟ್ಟಿಯಾಗಿ ಕೂಗಿದರೂ ಕಾವಲಿಯ ಮೇಲೆ ಒಂಬತ್ತನೆಯ ದೋಸೆಗೆ ಜಾಗವಾಗುವುದಿಲ್ಲ.

ಕೂಗಿನಿಂದ ಲೆಕ್ಕ ಕೆಡುವ ಸಂಭವವೇ ಹೆಚ್ಚು. ಅವಸರಕ್ಕೆ ಬಿದ್ದ ಭಟ್ಟರು ಉರಿ ಹೆಚ್ಚಿಸಿದರೆ ಕಾವಲಿ ಅತಿಯಾಗಿ ಕಾದು ಹಿಟ್ಟು ಹರಡದೆ ಮುದ್ದೆಯಾಗುತ್ತದೆ. ಅದನ್ನು ಕೆರೆದು ತೆಗೆದು ಮತ್ತೆ ಹದಕ್ಕೆ ತರುವಷ್ಟರಲ್ಲಿ ಒಂದು ಸುತ್ತು ಕಳೆದುಹೋಗಿರುತ್ತದೆ. ಪಾರ್ಸೆಲ್ ಕಟ್ಟುವವನು ಚಟ್ನಿ ಮರೆತರೆ ಗಿರಾಕಿ ವಾಪಸು ಬರುತ್ತಾನೆ, ಅವನೊಂದಿಗೆ ಮಾತಾಡುವಾಗ ಇನ್ನಿಬ್ಬರ ಟೋಕನ್ ಹಿಂದೆ ಬೀಳುತ್ತದೆ. ಒತ್ತಡ ತಪ್ಪನ್ನು ಹೆಚ್ಚಿಸುತ್ತದೆ, ತಪ್ಪು ಮರುಕೆಲಸವನ್ನು ತರುತ್ತದೆ, ಮರುಕೆಲಸ ಸಾಮರ್ಥ್ಯವನ್ನು ಇನ್ನಷ್ಟು ಕುಗ್ಗಿಸುತ್ತದೆ. ‘ರಿವ್ಯೂ’ ಕಂತಿನಲ್ಲಿ ನಿಮಿಷದಿಂದ ನಿಮಿಷಕ್ಕೆ ನಡೆಯುವುದು ಇದೇ ಸರಪಳಿ. ಅಡುಗೆಮನೆಯಲ್ಲಿ ದುಡಿದವರು ಅದನ್ನು ನೋಡಲಾಗದೆ ಎದ್ದುಹೋಗುವುದು ಕಥೆಯ ದುಃಖಕ್ಕಿಂತ ಹೆಚ್ಚಾಗಿ ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ಅವರಿಗೆ ಪರಿಚಿತವಾಗಿರುವುದರಿಂದ.

ಹಿಂದೆ ಇದಕ್ಕೊಂದು ಸಹಜವಾದ ತಡೆ ಇತ್ತು. ಹೋಟೆಲಿನ ಮುಂದೆ ಜನ ನಿಂತಿರುವುದನ್ನು ಕಂಡರೆ ಬಂದವರು ಪಕ್ಕದ ಹೋಟೆಲಿಗೆ ಹೋಗುತ್ತಿದ್ದರು. ಸಾಲು ಕಣ್ಣಿಗೆ ಕಾಣುತ್ತಿದ್ದುದರಿಂದ ಬೇಡಿಕೆ ತಾನಾಗಿಯೇ ಹಂಚಿಹೋಗುತ್ತಿತ್ತು. ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಆರ್ಡರು ಮಾಡುವವನಿಗೆ ಆ ಸಾಲು ಕಾಣುವುದಿಲ್ಲ. ನೂರು ಜನ ಒಂದೇ ನಿಮಿಷದಲ್ಲಿ ಗುಂಡಿ ಒತ್ತಿದರೂ ಪ್ರತಿಯೊಬ್ಬನೂ ತಾನೊಬ್ಬನೇ ಎಂದುಕೊಂಡಿರುತ್ತಾನೆ. ಆನ್‌ಲೈನ್ ವ್ಯವಸ್ಥೆಗಳಲ್ಲಿ ಅಂಗಡಿಯನ್ನು ತಾತ್ಕಾಲಿಕವಾಗಿ ಮುಚ್ಚುವ, ತಯಾರಿಕೆಯ ಸಮಯವನ್ನು ಹೆಚ್ಚಿಸುವ ಅನುಕೂಲಗಳು ಇವೆ. ಆದರೆ ಆರ್ಡರು ತಿರಸ್ಕರಿಸಿದರೆ ಗಿರಾಕಿ ಕೈತಪ್ಪುತ್ತಾನೆ, ನಕ್ಷತ್ರ ಇಳಿಯುತ್ತದೆ ಎಂಬ ಅಂಜಿಕೆಯಲ್ಲಿ ಆ ಗುಂಡಿಯನ್ನು ಒತ್ತಲು ಕೈ ಹಿಂಜರಿಯುತ್ತದೆ.

ಹಾಸನಾಂಬೆಯ ದಿನಗಳು, ಗಿರಿಯ ವಾರಾಂತ್ಯಗಳು

ಒಂದು ವಿಮರ್ಶೆಯಿಂದ ಷಿಕಾಗೊದ ಅಂಗಡಿಗೆ ನುಗ್ಗಿದ ಬೇಡಿಕೆ ಈ ಎರಡು ಜಿಲ್ಲೆಗಳಲ್ಲಿ ಪಂಚಾಂಗ ನೋಡಿಕೊಂಡೇ ಬರುತ್ತದೆ. ಆಶ್ವೀಜ ಮಾಸದ ಹುಣ್ಣಿಮೆಯ ನಂತರದ ಮೊದಲ ಗುರುವಾರ ಹಾಸನಾಂಬ ದೇವಾಲಯದ ಬಾಗಿಲು ತೆರೆದರೆ, ಬಲಿಪಾಡ್ಯಮಿ ಮುಗಿಯುವವರೆಗೆ ಲಕ್ಷಾಂತರ ಭಕ್ತರು ಹಾಸನಕ್ಕೆ ಬರುತ್ತಾರೆ. ವರ್ಷದ ಉಳಿದ ದಿನಗಳ ಲೆಕ್ಕಕ್ಕೆ ಕಟ್ಟಿದ ಅಡುಗೆಮನೆಗಳು ಆ ಕೆಲವೇ ದಿನಗಳಲ್ಲಿ ನಸುಕಿನಿಂದ ನಡುರಾತ್ರಿಯವರೆಗೆ ಉರಿಯಬೇಕಾಗುತ್ತದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಹಾಸನ ಜಿಲ್ಲೆಗೆ ಪ್ರವಾಸಿಗರ ಆಕರ್ಷಣೆ ಇನ್ನಷ್ಟು ಕೂಡಿಬಂದಿದೆ. ಚಿಕ್ಕಮಗಳೂರಿನಲ್ಲಿ ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯವರೆಗೆ ಬೆಂಗಳೂರಿನ ವಾಹನಗಳದೇ ಸಾಲು. ಹೋಂಸ್ಟೇಗಳಲ್ಲಿ ಅಕ್ಕಿ ರೊಟ್ಟಿ, ಕಡುಬು ಬೇಕೆಂದು ಕೇಳುವವರು ಹೆಚ್ಚಿದ್ದಾರೆ. ಎರಡೂ ಕೈಯಿಂದಲೇ ಆಗಬೇಕಾದವು. ರೊಟ್ಟಿ ತಟ್ಟುವ ಒಬ್ಬ ಹೆಂಗಸಿನ ವೇಗವನ್ನು ಯಾವ ಬುಕಿಂಗ್ ವ್ಯವಸ್ಥೆಯೂ ಹೆಚ್ಚಿಸಲಾರದು.

ಗಮನಿಸಬೇಕಾದ ಸಂಗತಿಯೆಂದರೆ, ರಸ್ತೆಯ ವಿಷಯದಲ್ಲಿ ಚಿಕ್ಕಮಗಳೂರು ಈ ಪಾಠವನ್ನು ಆಗಲೇ ಒಪ್ಪಿಕೊಂಡಿದೆ. ಮುಳ್ಳಯ್ಯನಗಿರಿ ಭಾಗದ ಕಿರಿದಾದ ಘಾಟಿ ರಸ್ತೆಗಳಲ್ಲಿ ವಾಹನಗಳು ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದುದನ್ನು ಕಂಡ ಜಿಲ್ಲಾಡಳಿತ, 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿ, ದಿನವನ್ನು ಎರಡು ಅವಧಿಗಳಾಗಿ ಹಂಚಿ ವಾಹನಗಳ ಸಂಖ್ಯೆಗೆ ಮಿತಿ ಹಾಕಿತು. ಬರುವವರಿಗೆ ಶಿಸ್ತು ಬೋಧಿಸುವ ಬದಲು ಒಳಬಿಡುವ ಸಂಖ್ಯೆಯನ್ನೇ ನಿಗದಿಪಡಿಸಿದ ಕ್ರಮವಿದು. ಇದರಿಂದ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆ ಎಂಬ ಆತಂಕ ಪ್ರವಾಸೋದ್ಯಮವನ್ನು ನಂಬಿದವರಲ್ಲಿ ಸಹಜ. ಆದರೆ ಗುಡ್ಡದ ರಸ್ತೆಗೆ ಅನ್ವಯಿಸುವ ತರ್ಕ ಅದರ ಬುಡದಲ್ಲಿರುವ ಅಡುಗೆಮನೆಗೆ ಅನ್ವಯಿಸುವುದಿಲ್ಲ ಎನ್ನಲು ಕಾರಣ ಕಾಣುವುದಿಲ್ಲ.

ಮಿತಿಯಿಲ್ಲದಿದ್ದರೆ ಆಗುವುದೇನು?

ಮೊದಲ ಪರಿಣಾಮ ದುಡಿಯುವವರ ಮೇಲೆ. ಹೋಟೆಲುಗಳಿಗೂ ಅನ್ವಯವಾಗುವ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961, ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ನಿಗದಿಪಡಿಸಿ, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕೆಂದು ಹೇಳಿತು. ಸೀಸನ್ನಿನ ದಿನಗಳಲ್ಲಿ ಬಾಕಿ ಬಿದ್ದ ಆರ್ಡರುಗಳ ಭಾರ ಮೊದಲು ತಿನ್ನುವುದು ಈ ಗಂಟೆಗಳನ್ನೇ. ಗಲ್ಲಾಪೆಟ್ಟಿಗೆಯಲ್ಲಿ ಲಾಭವೆಂದು ಕಾಣುವ ಹಣದ ಒಂದು ಪಾಲು ಒಳಗಿರುವವರ ನಿದ್ದೆಯಿಂದ ಬಂದಿರುತ್ತದೆ. ಇದನ್ನು ಕಸುಬಿನ ಕಷ್ಟವೆಂದು ಸಹಿಸಿಕೊಳ್ಳಬೇಕು ಎನ್ನುವುದು ಅನ್ಯಾಯ.

ಎರಡನೆಯ ಪರಿಣಾಮ ವ್ಯಾಪಾರದ ಮೇಲೆಯೇ. ಸಿಡ್ನಿ ಎದ್ದುಹೋದಾಗ ಕಾರ್ಮಿ ಕಳೆದುಕೊಳ್ಳುವುದು ಒಂದು ಜೋಡಿ ಕೈಗಳನ್ನಷ್ಟೇ ಅಲ್ಲ, ವಿಮರ್ಶಕ ಮೆಚ್ಚಿದ ತಿನಿಸನ್ನು ಮಾಡಬಲ್ಲ ಏಕೈಕ ವ್ಯಕ್ತಿಯನ್ನು. ಮಲೆನಾಡಿನಲ್ಲಿ ಕಾಫಿ ತೋಟಗಳಂತೆ ಹೋಟೆಲುಗಳೂ ಹೊರ ರಾಜ್ಯಗಳಿಂದ ಬಂದ ಕೆಲಸಗಾರರನ್ನು ಹೆಚ್ಚು ಹೆಚ್ಚಾಗಿ ಅವಲಂಬಿಸಿವೆ. ಊರಿನಲ್ಲಿ ಬೇರುಗಳಿಲ್ಲದ ಅವರಿಗೆ ಒಂದು ಕೆಟ್ಟ ಸಂಜೆಯ ನಂತರ ಚೀಲ ಹೆಗಲಿಗೇರಿಸಿ ಬಸ್ ಹತ್ತುವುದು ಕಷ್ಟವಲ್ಲ. ಹಬ್ಬದ ನಡುವೆ ಮಾಸ್ಟರ್ ಹೊರಟುಹೋದರೆ ಅಂಥದ್ದೇ ಕೈ ಮತ್ತೆ ಸಿಗಲು ವಾರಗಳು ಬೇಕಾಗುತ್ತವೆ. ಅಷ್ಟರಲ್ಲಿ ರುಚಿ ಬದಲಾಗಿರುತ್ತದೆ, ಯಾವ ನಕ್ಷತ್ರಗಳಿಗೆ ಅಂಜಿ ಆರ್ಡರು ನಿಲ್ಲಿಸಲಿಲ್ಲವೋ ಆ ನಕ್ಷತ್ರಗಳೇ ಇಳಿದಿರುತ್ತವೆ.

ಆರ್ಡರನ್ನು ನಿಲ್ಲಿಸುವ ಅಧಿಕಾರ ಯಾರ ಬಳಿ ಇರಬೇಕು ಎಂಬುದು ಇಲ್ಲಿಂದ ಮುಂದೆ ಹೋಟೆಲುಗಳು ತೀರ್ಮಾನಿಸಬೇಕಾದ ವಿಷಯ. ಈಗ ಬಹುತೇಕ ಕಡೆ ಟೋಕನ್ ಹರಿಯುವವರು, ಮೊಬೈಲ್ ಹಿಡಿದವರು ಹೊರಗಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತಿರುತ್ತಾರೆ. ಅಲ್ಲಿಂದ ಕಾವಲಿ ಕಾಣುವುದಿಲ್ಲ, ಕಂಡರೂ ಬಾಕಿ ಎಷ್ಟಿದೆಯೆಂದು ತಿಳಿಯುವುದಿಲ್ಲ. ಬಾಕಿ ಎಷ್ಟೆಂದು ಬಲ್ಲ ಭಟ್ಟರಿಗೆ ನಿಲ್ಲಿಸಿ ಎನ್ನುವ ಹಕ್ಕಿಲ್ಲ. ಗಂಟೆಗೆ ಇಷ್ಟು ಎಂದು ಮೊದಲೇ ಗೊತ್ತುಪಡಿಸಿ, ಅದು ಮುಟ್ಟಿದ ಕೂಡಲೇ ಒಳಗಿನಿಂದ ಬರುವ ಮಾತಿಗೆ ಟೋಕನ್ ಪುಸ್ತಕ ಮುಚ್ಚಬೇಕು, ಆನ್‌ಲೈನ್ ಆರ್ಡರನ್ನು ಅರ್ಧ ಗಂಟೆ ತಡೆಹಿಡಿಯಬೇಕು, ಕಾಯಬೇಕಾದ ಸಮಯವನ್ನು ಹಲಗೆಯ ಮೇಲೆ ಬರೆದು ಬಾಗಿಲಲ್ಲಿ ಇಡಬೇಕು. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ, ಹೆಚ್ಚಿನ ಬಂಡವಾಳವೂ ಬೇಕಾಗಿಲ್ಲ. ಮುಂದಿನ ಆಶ್ವೀಜಕ್ಕೆ ಮೊದಲು ಹಾಸನದ ಹೋಟೆಲುಗಳಲ್ಲಿ ಯಜಮಾನರೂ ಭಟ್ಟರೂ ಒಂದು ಮಧ್ಯಾಹ್ನ ಕುಳಿತು ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲು ಬೇಕಾದಷ್ಟು ಸಮಯವಿದೆ.